ಎದೆಯವರು, ಕಾಲಿನವರು

ಕಟಿಂಗ್ ಮಾಸ್ಟರು ತಲೆ ತಿರುಗಿ ಬಿದ್ದದ್ದು ಎಂಬತ್ತು ಪದರ ಬಿಳಿ ಬಟ್ಟೆಯ ಮೇಲೆ. ಬೀಳುವ ಮುಂಚೆ ಕತ್ತರಿಸುವ ಮಿಷನ್ನಿನ ಸ್ವಿಚ್ಚು ಆರಿಸಿದರು ಎಂಬುದನ್ನು ಅಂಗಡಿಯವರು ಆಮೇಲೆ ಬಹಳ ದಿನ ಹೇಳಿಕೊಂಡು ತಿರುಗಿದರು. ಮೂವತ್ತು ವರ್ಷದ ಕಸುಬು, ಪ್ರಜ್ಞೆ ಹೋಗುವಾಗಲೂ ಕೈ ಮಾತ್ರ ಡ್ಯೂಟಿಯಲ್ಲಿತ್ತು. ಯಜಮಾನರು ಓಡಿ ಬಂದವರೇ, "ಮಾಸ್ಟ್ರೇ, ಜೊಲ್ಲು ತಾಗಿಸಬೇಡಿ, ಬಿಳಿ ಬಟ್ಟೆ!" ಎಂದು ಕೂಗಿದರು. ಕೂಗಿದ ಮೇಲೆ ತಮ್ಮ ಬಾಯಿಗೆ ತಾವೇ ನಾಚಿ, ಮಾಸ್ಟರನ್ನು ಬೆನ್ನ ಮೇಲೆ ಹೊತ್ತು ಹದಿನೆಂಟು ಮೆಟ್ಟಿಲು ಇಳಿಸಿದರು. ಶಾಲೆಯ ಸಮವಸ್ತ್ರ ಹೊಲಿಯುವ ಆ ಅಂಗಡಿ ಇದ್ದದ್ದು ಮೊದಲನೇ ಮಹಡಿಯಲ್ಲಿ, ಪೇಂಟು ಮಾರುವ ಅಂಗಡಿಯ ನೆತ್ತಿಯ ಮೇಲೆ. ಮೆಟ್ಟಿಲು ಎಷ್ಟು ಕಡಿದೆಂದರೆ ಅಳತೆ ಕೊಡಲು ಬಂದವರು ಹತ್ತಿ ಮುಗಿಸುವಷ್ಟರಲ್ಲಿ ಸೊಂಟ ಒಂದಿಂಚು ಇಳಿದಿರುತ್ತಿತ್ತು ಎಂದು ಮಾಸ್ಟರೇ ನಗೆಯಾಡುತ್ತಿದ್ದರು.

ಅವರ ಅಕ್ಕನೂ ಅದೇ ಅಂಗಡಿಯಲ್ಲಿ ಕಾಜಾ ಹೊಲಿದು ಗುಂಡಿ ಹಚ್ಚುವ ಕೆಲಸಕ್ಕಿದ್ದಳು. ತಮ್ಮನನ್ನು ಹೊತ್ತೊಯ್ಯುವುದನ್ನು ಕಂಡು ಬಾಯಲ್ಲಿದ್ದ ದಾರ ಉಗಿದು, "ಶುರುವಾಯ್ತು. ಇವನೂ ಎದೆಯವನೇ," ಎಂದಳಂತೆ.

ಈ ಮಾತು ಹೊರಗಿನವರಿಗೆ ತಿಳಿಯುವಂಥದ್ದಲ್ಲ. ಮಾಸ್ಟರ ವಂಶದಲ್ಲಿ ಜನ ಎರಡು ಜಾತಿ: ಎದೆಯವರು, ಕಾಲಿನವರು. ಮಾಸ್ಟರ ತಂದೆ ಎದೆಯವರು. ನಲವತ್ತೇಳನೇ ವಯಸ್ಸಿನಲ್ಲಿ ಒಂದು ಶೂ ಹಾಕಿಕೊಂಡು ಇನ್ನೊಂದರ ದಾರ ಕಟ್ಟುತ್ತ ಬಗ್ಗಿದವರು ಮೇಲೇಳಲಿಲ್ಲ. ಅಣ್ಣ ನಲವತ್ನಾಲ್ಕಕ್ಕೆ ಬಸ್ಸಿನ ಸೀಟಿನಲ್ಲಿ ಕೂತಲ್ಲೇ ಹೋದ. ನಿದ್ದೆ ಹೋಗಿದ್ದಾನೆಂದು ಕಂಡಕ್ಟರು ಎರಡು ಸಲ ಭುಜ ತಟ್ಟಿ ಟಿಕೆಟ್ಟು ಕೇಳಿದನಂತೆ. ಇನ್ನು ಕಾಲಿನವರೆಂದರೆ ಸೋದರತ್ತೆ ಮತ್ತು ಅಕ್ಕ. ಇವರಿಗೆ ಐದಾರು ವರ್ಷಕ್ಕೆಲ್ಲ ಹಿಮ್ಮಡಿ ನೆಲಕ್ಕೆ ಊರದಂತಾಗುತ್ತದೆ. ಮೀನಖಂಡ ಒಣಗಿ ಎಳೆದುಕೊಳ್ಳುತ್ತದೆ. ಜೀವನವಿಡೀ ತುದಿಗಾಲಿನ ನಡಿಗೆ. ಮೊಣಕೈಯೂ ಪೂರ್ತಿ ನೆಟ್ಟಗಾಗುವುದಿಲ್ಲ, ಯಾವಾಗಲೂ ಏನೋ ಎತ್ತಿಕೊಂಡವರ ಹಾಗೆ ಮಡಚಿಯೇ ಇರುತ್ತದೆ.

ಅಕ್ಕನನ್ನು ಶಾಲೆಯಲ್ಲಿ ಮಕ್ಕಳು "ಕೊಕ್ಕರೆ" ಎಂದು ಕರೆದು ಅಳಿಸಿದ ದಿನ ಅಮ್ಮ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದು ಮಾತು ಕೊಟ್ಟಿದ್ದಳು. "ಅಳಬೇಡ. ನಿಂಗೆ ಕಾಲಿಗೆ ಬಂತು, ಇನ್ನು ಎದೆಗೆ ಬರಲ್ಲ. ನಮ್ಮಲ್ಲಿ ಒಬ್ಬರಿಗೆ ಒಂದೇ." ಅಮ್ಮನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅಳುವ ಮಗುವಿನ ಬಾಯಿಗೆ ಬೆಲ್ಲ ಇಟ್ಟ ಹಾಗೆ ಇಟ್ಟಿದ್ದಳು, ಅಷ್ಟೆ. ಅದು ಆ ಮನೆಯ ಕಾನೂನಾಗಿ ನಿಂತಿತು. ಅಕ್ಕ ಐವತ್ತೈದರವರೆಗೆ ಆ ಒಂದು ಮಾತಿನ ಮೇಲೆ ನಡೆದಳು. ಹಿಮ್ಮಡಿ ಊರದ ಹೆಂಗಸಿಗೆ ಊರಿ ನಿಲ್ಲಲು ಇದ್ದದ್ದು ಅದೊಂದೇ. ಯಾರಾದರೂ ನಡಿಗೆ ನೋಡಿ ನಕ್ಕರೆ, "ನಗ್ರಪ್ಪ ನಗ್ರಿ. ನಿಮ್ಮನ್ನೆಲ್ಲ ಕಳಿಸಿಕೊಟ್ಟೇ ನಾನು ಹೋಗೋದು," ಎನ್ನುತ್ತಿದ್ದಳು. ಅವಳ ಒಬ್ಬಳೇ ಮಗಳೂ ಕಾಲಿನವಳು. ಲೈಬ್ರರಿಯಲ್ಲಿ ಪುಸ್ತಕ ಕೊಡುವ ಕೆಲಸ. ಸದ್ದಿಲ್ಲದ ಆ ನಡಿಗೆ ಲೈಬ್ರರಿಗೆಂದೇ ಹೇಳಿ ಮಾಡಿಸಿದ್ದು ಎಂದು ತಾಯಿಗೆ ಹೆಮ್ಮೆ.

ಆಸ್ಪತ್ರೆಯಲ್ಲಿ ಮಾಸ್ಟರ ನಾಡಿ ನಿಮಿಷಕ್ಕೆ ಮೂವತ್ತೆರಡು ಬಡಿಯುತ್ತಿತ್ತು. ಅದೂ ಮನಸ್ಸಿಲ್ಲದ ಮನಸ್ಸಿನಿಂದ. ಎಡಗಡೆ ಕೊರಳೆಲುಬಿನ ಕೆಳಗೆ ಚರ್ಮ ಕೊಯ್ದು ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರವೊಂದನ್ನು ಇಟ್ಟು ಹೊಲಿದರು. ಎದೆ ನಿಧಾನವಾದರೆ ತಟ್ಟಿ ಎಬ್ಬಿಸುತ್ತದಂತೆ. ತಪ್ಪು ತಾಳಕ್ಕೆ ಬಿದ್ದು ಕುಣಿಯತೊಡಗಿದರೆ ಒಂದು ಏಟು ಕೊಟ್ಟು ದಾರಿಗೆ ತರುತ್ತದಂತೆ. ಎಚ್ಚರವಾದ ಮೇಲೆ ಮಾಸ್ಟರು ಕನ್ನಡಿಯಲ್ಲಿ ಹೊಲಿಗೆ ನೋಡಿಕೊಂಡು, "ಒಳಜೇಬು ಇಟ್ಟಿದ್ದಾರೆ. ಆದರೆ ಟಾಕಾ ದೂರದೂರ ಬಿದ್ದಿದೆ," ಎಂದರು. ಹೆಂಡತಿ, "ಸುಮ್ನಿರ್ರೀ. ಅವರೇನು ನಿಮ್ಮ ಹಾಗೆ ಮೂವತ್ತು ವರ್ಷ ಅಂಗಿ ಹೊಲಿದಿದ್ದಾರಾ?" ಎಂದು ಅತ್ತಳು.

ರಕ್ತವನ್ನೂ ತೆಗೆದು ಎಲ್ಲಿಗೋ ಕಳಿಸಿದ್ದರು. ಎರಡು ತಿಂಗಳಾದ ಮೇಲೆ ವರದಿ ಬಂದಿದೆ, ಬನ್ನಿ ಎಂದು ಫೋನು ಬಂತು. ಮಾಸ್ಟರು ಹೋಗಿ, ಗೋಡೆಗೆ ಸಾಲಾಗಿ ಹಾಕಿದ ಕಬ್ಬಿಣದ ಕುರ್ಚಿಗಳಲ್ಲೊಂದರಲ್ಲಿ ಕೂತರು. ಪಕ್ಕದಲ್ಲಿ ಅಂಚೆ ಕಚೇರಿಯ ಗುಮಾಸ್ತೆಯೊಬ್ಬಳು ಕೂತಿದ್ದಳು. ಕಂಡವರನ್ನೆಲ್ಲ ಕಣ್ಣಲ್ಲೇ ಅಳೆಯುವುದು ಮಾಸ್ಟರ ಚಟ. ಕತ್ತು ಹದಿನಾರೂವರೆ, ಎದೆ ನಲವತ್ತು, ಅಲ್ಲಿಗೆ ಸರಿ. ತೋಳಿಗೆ ಬಂದಾಗ ಅವರ ಲೆಕ್ಕ ತಪ್ಪಿತು. ತೋಳೂ ಕಾಲೂ ಬೇರೆ ಯಾರದೋ. ಒಂದು ಚೂರು ಕೊಬ್ಬಿಲ್ಲದೆ, ಕುಸ್ತಿಯವರ ಹಾಗೆ ನರ ಎದ್ದು ಕಾಣುತ್ತಿದ್ದವು.

"ಏನ್ ನೋಡ್ತಿದ್ದೀರಿ?" ಎಂದಳು ಅವಳು.

"ತಪ್ಪು ತಿಳಿಬೇಡಿ ತಾಯಿ. ನಾನು ಟೈಲರು. ನಿಮ್ಮ ತೋಳಿಗೆ ಅಂಗಿ ಕತ್ತರಿಸೋದು ಹೇಗೆ ಅಂತ ಯೋಚಿಸ್ತಿದ್ದೆ."

ಅವಳು ನಕ್ಕಳು. "ಕತ್ತರಿಸಿದವರು ಇನ್ನೂ ಹುಟ್ಟಿಲ್ಲ ಬಿಡಿ. ನಮ್ಮ ಮನೇಲಿ ಹೆಂಗಸರೆಲ್ಲ ಹೀಗೇ. ದೊಡ್ಡವರಾಗ್ತಿದ್ದ ಹಾಗೆ ಕೈಕಾಲು ಕರಗತ್ತೆ, ಮೂವತ್ತಕ್ಕೆ ಸಕ್ಕರೆ ಕಾಯಿಲೆ. ನಿಮ್ಮದೇನು?"

"ನಮ್ಮದು ಎದೆ."

ಇಬ್ಬರ ತೊಡೆಯ ಮೇಲೂ ಫೈಲು ಇದ್ದವು. ಎರಡರ ಮೇಲೂ ಇಂಗ್ಲಿಷಿನಲ್ಲಿ ಅದೇ ನಾಲ್ಕಕ್ಷರ ಬರೆದಿತ್ತು: ಎಲ್‌ಎಂಎನ್‌ಎ.

ಒಳಗೆ ಹೋದ ಕೂಡಲೇ ಮಾಸ್ಟರು ಕೇಳಿದ್ದು ಅದನ್ನೇ. "ಮೇಡಂ, ಹೊರಗೆ ಕೂತಿರೋ ಅಮ್ಮನ ಫೈಲಿಗೂ ನನ್ನದಕ್ಕೂ ಒಂದೇ ಹೆಸರು ಬಿದ್ದಿದೆ. ಅದಲು ಬದಲು ಆಗಿರಬೇಕು, ನೋಡಿ."

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಕೈಯಲ್ಲಿ ಪೆನ್ನು ತಿರುಗಿಸುತ್ತಲೇ ಮಾತಾಡುವವರು. "ಬೇರೆಯವರ ವಿಷಯ ನಾನು ಹೇಳೋ ಹಾಗಿಲ್ಲ. ಸುಮ್ಮನೆ ತಿಳ್ಕೊಳ್ಳಿ, ಅದು ಒಂದು ಜೀನಿನ ಹೆಸರು. ಎಲ್ಲರಲ್ಲೂ ಇರತ್ತೆ. ಮೈಯಲ್ಲಿ ಒಂದೊಂದು ಜೀವಕೋಶದೊಳಗೂ ಒಂದು ಪುಟ್ಟ ಕೋಣೆ ಇದೆ ಅಂದ್ಕೊಳ್ಳಿ. ಆ ಕೋಣೆಗೆ ಒಳಗಡೆಯಿಂದ ಒಂದು ಪದರ ಇರತ್ತೆ. ಅದನ್ನ ಹೇಗೆ ಮಾಡಬೇಕು ಅಂತ ಹೇಳೋದು ಈ ಜೀನು."

"ಲೈನಿಂಗು."

"ಹಾಂ, ಲೈನಿಂಗು! ಅದರ ನಕ್ಷೇಲಿ ಒಂದು ಜಾಗದಲ್ಲಿ ತಪ್ಪಾದರೆ ಕೈಕಾಲಿನ ಕೊಬ್ಬು ಕರಗಿ ಸಕ್ಕರೆ ಕಾಯಿಲೆ ಬರತ್ತೆ. ಇನ್ನೊಂದು ಜಾಗದಲ್ಲಿ ತಪ್ಪಾದರೆ ಸ್ನಾಯು ಒಣಗತ್ತೆ, ಎದೆ ಕೆಡತ್ತೆ. ಇನ್ನೂ ಒಂದು ಕಡೆ ತಪ್ಪಾದರೆ ಹತ್ತು ವರ್ಷದ ಮಗು ಮುದುಕನ ಹಾಗೆ ಆಗತ್ತೆ. ಜೀನು ಒಂದೇ, ಕಾಯಿಲೆ ಹತ್ತು ಹನ್ನೆರಡು."

ಮಾಸ್ಟರಿಗೆ ಇದು ಬಹಳ ಓದಿದವರಿಗಿಂತ ಬೇಗ ತಲೆಗೆ ಹೋಯಿತು. ಅಂಗಡಿಯ ಗೋಡೆಯ ಮೇಲೆ ಮೊಳೆಗೆ ತೂಗುಹಾಕಿದ ರಟ್ಟಿನ ಅಚ್ಚುಗಳು ಕಣ್ಣ ಮುಂದೆ ಬಂದವು. ಕಸುಬಿಗೆ ಬಂದ ಹೊಸದರಲ್ಲಿ ಅವರು ಸವೆದ ರಟ್ಟೊಂದನ್ನು ಹೊಸ ರಟ್ಟಿನ ಮೇಲಿಟ್ಟು ಗೆರೆ ಎಳೆದಿದ್ದರು. ಬಲ ಭುಜದ ಅಂಚು ಅರ್ಧ ಇಂಚು ಸವೆದದ್ದನ್ನು ನೋಡಿರಲಿಲ್ಲ. ಆ ವರ್ಷ ಒಂದು ಶಾಲೆಯ ಮುನ್ನೂರು ಮಕ್ಕಳು ಪ್ರಾರ್ಥನೆಗೆ ನಿಂತಾಗ ಬಿರುಗಾಳಿಗೆ ಸಿಕ್ಕ ಪೈರಿನಂತೆ ಎಲ್ಲರೂ ಬಲಕ್ಕೆ ವಾಲಿದ್ದರು. ಹೆಡ್‌ಮಾಸ್ಟರು ವ್ಯಾಯಾಮದ ಮೇಷ್ಟರನ್ನು ಬೈದರು. ವ್ಯಾಯಾಮದ ಮೇಷ್ಟರು ಮಕ್ಕಳಿಗೆ ಬಾರಿಸಿದರು. ರಟ್ಟಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

"ಅದೇ ರಟ್ಟು ಕಂಕುಳ ಹತ್ರ ಸವೆದರೆ ಕೈ ಎತ್ತೋಕಾಗಲ್ಲ, ಕತ್ತಿನ ಹತ್ರ ಸವೆದರೆ ಉಸಿರು ಕಟ್ಟತ್ತೆ," ಎಂದರು ಮಾಸ್ಟರು.

"ನನಗಿಂತ ಚೆನ್ನಾಗಿ ಹೇಳಿದ್ರಿ. ಈಗ ನಿಮ್ಮ ಮನೆಯವರ ಪಟ್ಟಿ ಹೇಳಿ."

ಮಾಸ್ಟರು ಹೇಳುತ್ತ ಹೋದರು, ಡಾಕ್ಟರಮ್ಮ ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ ಬರೆದು, ಸತ್ತವರ ಮೇಲೆ ಅಡ್ಡಗೆರೆ ಎಳೆಯುತ್ತ ಹೋದರು. ಸೋದರತ್ತೆಯ ವೃತ್ತಕ್ಕೆ ಬಂದಾಗ ಮಾಸ್ಟರು, "ಇವಳು ಎದೆಯವಳಲ್ಲ, ಕಾಲಿನವಳು. ಐವತ್ತಕ್ಕೆ ಮೆಟ್ಟಿಲ ಮೇಲಿಂದ ಬಿದ್ದು ಸತ್ತಳು," ಎಂದರು.

ಪೆನ್ನು ನಿಂತಿತು. "ಬಿದ್ದು ಸತ್ತರೋ, ಸತ್ತು ಬಿದ್ದರೋ?"

ನಲವತ್ತು ವರ್ಷದಿಂದ ಯಾರೂ ಕೇಳದ ಪ್ರಶ್ನೆ. ಅತ್ತೆಗೆ ಪೆಟ್ಟೇ ಆಗಿರಲಿಲ್ಲ, ಮುಖ ಮಲಗಿದವಳ ಹಾಗಿತ್ತು ಎಂದು ದೊಡ್ಡವರು ಆಶ್ಚರ್ಯಪಟ್ಟಿದ್ದು ಈಗ ನೆನಪಾಯಿತು.

"ಕೇಳಿ ಇಲ್ಲಿ," ಎಂದರು ಡಾಕ್ಟರಮ್ಮ. "ನಿಮ್ಮ ಮನೇಲಿ ಎರಡು ಕಾಯಿಲೆ ಇಲ್ಲ. ಆ ನಕ್ಷೇಲಿ ಎಲ್ಲರಿಗೂ ಒಂದೇ ಜಾಗದಲ್ಲಿ ತಪ್ಪಿದೆ. ಕೆಲವರಲ್ಲಿ ಮೊದಲು ಕಾಲು ಹಿಡಿಯತ್ತೆ, ಕೆಲವರಲ್ಲಿ ನೇರ ಎದೆಗೇ ಬರತ್ತೆ. ಆದರೆ ಕಾಲು ಹಿಡಿದವರಿಗೂ ಕೊನೆಗೆ ಎದೆ ತಪ್ಪಲ್ಲ. ನಿಮ್ಮಕ್ಕ ಇನ್ನೂ ಇದ್ದಾರೆ ಅಂದ್ರಲ್ಲ, ಸುಸ್ತು ಏನಾದ್ರೂ?"

ಹದಿನೆಂಟು ಮೆಟ್ಟಿಲಿಗೆ ಅಕ್ಕ ಈಚೆಗೆ ಮೂರು ಕಡೆ ನಿಲ್ಲುತ್ತಿದ್ದಳು. ಕಾಲು ನೋವೆಂದು ಅವಳು ಹೇಳಿದ್ದಳು, ಇವರು ನಂಬಿದ್ದರು.

"ಈ ವಾರವೇ ಕರ್ಕೊಂಡು ಬನ್ನಿ. ನಿಮಗೆ ಹಾಕಿದ್ದನ್ನೇ ಅವರಿಗೂ ಹಾಕಬೇಕಾಗಬಹುದು. ಅವರ ಮಗಳನ್ನೂ ಕರೆತನ್ನಿ. ತಡ ಮಾಡಬೇಡಿ."

"ಇವತ್ತೇ ಹೇಳ್ತೀನಿ ಮೇಡಂ," ಎಂದು ಮಾಸ್ಟರು ಎದ್ದರು.

ಅಂಗಡಿಗೆ ಬಂದರೆ ಅಕ್ಕ ಕಿಟಕಿಯ ಪಕ್ಕ ತನ್ನ ಮಿಷನ್ನಿಗೆ ಕೂತಿದ್ದಳು. "ಏನಂದಳೋ ನಿನ್ನ ಡಾಕ್ಟರು? ಬದುಕ್ತೀಯಂತಾ?"

"ಬದುಕ್ತೀನಂತೆ."

"ಬದುಕು ಬದುಕು. ಅಪ್ಪನ್ನ ಕಳಿಸಿದೆ, ಅಣ್ಣನ್ನ ಕಳಿಸಿದೆ. ನಿನ್ನನ್ನೂ ಕಳಿಸಿ ನಿನ್ನ ಹೆಂಡತೀನ ಯಾರು ನೋಡ್ಕೋಬೇಕು, ನಾನು ತಾನೇ? ಒಬ್ಬಳಾದ್ರೂ ಗಟ್ಟಿ ಇರಬೇಕಲ್ಲ ಈ ಮನೇಲಿ." ಹೀಗೆಂದು ಮಡಚಿದ ಮೊಣಕೈಯಲ್ಲಿ ತಮ್ಮನ ಪಕ್ಕೆಗೆ ಒಂದು ತಿವಿದಳು, ಯಂತ್ರವಿಲ್ಲದ ಕಡೆ ನೋಡಿಕೊಂಡು.

ನಾಳೆ ಹೇಳಿದರಾಯಿತು ಎಂದುಕೊಂಡರು ಮಾಸ್ಟರು.

ಮಾರನೆಯ ದಿನ ಶಾಲೆ ಶುರುವಾಗುವ ಆರ್ಡರು ಬಂದು ಬಿತ್ತು, ಎಂಟುನೂರು ಅಂಗಿ. ಒಂದು ಅಂಗಿಗೆ ಏಳು ಕಾಜಾ. ಅಕ್ಕನಿಗೆ ತಲೆ ಎತ್ತಲು ಪುರುಸೊತ್ತಿಲ್ಲ; ಮಾಸ್ಟರಿಗೆ ಆ ನೆಪ ಸಾಕಾಯಿತು. ಮೂರನೆಯ ದಿನ ಧೈರ್ಯ ಮಾಡಿ ಹತ್ತಿರ ಹೋಗಿ, "ಅಕ್ಕಾ, ಒಂದು ಮಾತು," ಎಂದರು. "ಕಾಜಾ ಕೆಟ್ಟಿದೆ ಅಂತ ಹೇಳೋಕೆ ಬಂದಿದ್ರೆ ಕಿವಿ ಹಿಂಡ್ತೀನಿ," ಎಂದಳು. ಇಲ್ಲ, ಚೆನ್ನಾಗಿದೆ ಎಂದು ಹೇಳಿ ವಾಪಸು ಬಂದರು. ಮೇಜಿನ ಮೇಲೆ ಎಂಬತ್ತು ಪದರ ಬಟ್ಟೆಯನ್ನು ಕೈ ನಡುಗದೆ ಸೀಳುವ ಮನುಷ್ಯ ಅಕ್ಕನ ಎದುರು ಒಂದು ವಾಕ್ಯ ಮಾಡಲಾರದೆ ಹೋದರು. ತಮ್ಮ ಹೇಡಿತನಕ್ಕೆ ಅವರು ಒಳ್ಳೊಳ್ಳೆಯ ಹೆಸರು ಕೊಟ್ಟುಕೊಂಡರು: ಕರುಣೆ, ಸಮಯ, ಆರ್ಡರು. ಇಷ್ಟು ವರ್ಷ ಆ ಹೆಂಗಸು ನಡೆದುಬಂದ ನೆಲವನ್ನು ಕಾಲ ಕೆಳಗಿಂದ ಎಳೆಯುವುದು ಹೇಗೆ?

ನಾಲ್ಕನೆಯ ದಿನ, ಬಾಯಲ್ಲಿ ಆಗದ್ದು ಕೈಯಲ್ಲಾದರೂ ಆಗಲಿ ಎಂದು ಒಂದು ಚೀಟಿ ಬರೆದರು. ಕಟಿಂಗ್ ಮೇಜಿನಿಂದ ಹೊರಡುವ ಪ್ರತಿ ಚೀಟಿಯ ಮೂಲೆಯಲ್ಲೂ ತಾರೀಕು ಹಾಕುವುದು ಅವರಿಗೆ ರಕ್ತಗತ. ಯಾವ ಕಟ್ಟು ಯಾವತ್ತು ಕತ್ತರಿಸಿದ್ದು ಎಂದು ತಿಳಿಯದಿದ್ದರೆ ತಪ್ಪು ಹುಡುಕಲಾಗುವುದಿಲ್ಲ. ಇದಕ್ಕೂ ಹಾಕಿದರು. "ಅಕ್ಕ, ಡಾಕ್ಟರು ಹೇಳಿದರು, ಕಾಲಿನವರಿಗೂ ಎದೆ ಹಿಡಿಯುತ್ತಂತೆ. ನೀನೂ ಮಗಳೂ ಈ ವಾರವೇ ತೋರಿಸಬೇಕು." ಎಂಟು ಮಡಿಕೆ ಮಾಡಿ ಅಕ್ಕನ ಗುಂಡಿ ಡಬ್ಬಿಯಲ್ಲಿ, ಬಿಳಿ ಗುಂಡಿಗಳ ಮೇಲೆ ಇಟ್ಟು ಬಂದರು. ಅಕ್ಕ ನೀರು ಕುಡಿಯಲು ಹೋಗಿದ್ದಳು. ಬಾಗಿಲಲ್ಲಿ ಅವಳ ತುದಿಗಾಲು ಕಾಣಿಸಿತು. ಯಾರ ಮಾತಿಗೋ ನಗುತ್ತಿದ್ದಳು. ಮಾಸ್ಟರು ನಾಲ್ಕೇ ಹೆಜ್ಜೆಯಲ್ಲಿ ಹೋಗಿ ಚೀಟಿ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡರು.

"ನನ್ನ ಡಬ್ಬೀಲಿ ಏನೋ ನಿಂಗೆ ಕೆಲಸ?"

"ಗುಂಡಿ ಬೇಕಿತ್ತು."

"ಕಳ್ಳ."

ಆರ್ಡರು ಹೋಗಲಿ, ಆಮೇಲೆ ಕೂರಿಸಿಕೊಂಡು ನಿಧಾನಕ್ಕೆ ಹೇಳುತ್ತೇನೆ ಎಂದು ಹೆಂಡತಿಗೆ ಹೇಳಿದರು. "ಅವರ ಎದೆಗೆ ನಿಮ್ಮ ಆರ್ಡರಿನ ವಿಷಯ ಯಾರ್ರೀ ತಿಳಿಸಿದ್ದು?" ಎಂದು ಹೆಂಡತಿ ಕೇಳಿದಳು. ಮಾಸ್ಟರು ಮಗ್ಗುಲು ಬದಲಿಸಿದರು.

ಹನ್ನೊಂದನೆಯ ದಿನ ಬೆಳಿಗ್ಗೆ ಅಕ್ಕ ಮೆಟ್ಟಿಲ ಮೇಲೆ ಬಿದ್ದಳು. ಪೇಂಟು ಅಂಗಡಿಯವನು ಬಾಗಿಲ ಬೀಗ ತೆಗೆಯುತ್ತಿದ್ದ. ಹನ್ನೆರಡನೆಯ ಮೆಟ್ಟಿಲಲ್ಲಿ ಅವಳು ನಿಂತಳಂತೆ, ಕಂಬಿ ಹಿಡಿದಿದ್ದ ಕೈ ತಾನಾಗೇ ಬಿಟ್ಟಿತಂತೆ, ಒಂದು ಮಾತಿಲ್ಲ, ಕೂಗಿಲ್ಲ. ಮಾಸ್ಟರು ಮೇಲಿನಿಂದ ಓಡಿ ಇಳಿದು ಬಂದಾಗ ಮುಖದ ಮೇಲೆ ಒಂದು ಗೀರೂ ಇರಲಿಲ್ಲ. ಚೀಲದಿಂದ ಊಟದ ಡಬ್ಬಿ ಉರುಳಿ ಬೀದಿಯವರೆಗೂ ಹೋಗಿತ್ತು.

"ಪಾಪ, ಆ ಕಾಲು ಕೊನೆಗೂ ಕೈ ಕೊಟ್ಟಿತು," ಎಂದರು ಯಜಮಾನರು.

"ಈ ಮೆಟ್ಟಿಲು ಯಾರನ್ನಾದ್ರೂ ತಿನ್ನತ್ತೆ ಅಂತ ನಾನು ಹೇಳ್ತಾನೇ ಇದ್ದೆ," ಎಂದ ಪೇಂಟು ಅಂಗಡಿಯವನು.

ಅವತ್ತೇ ಸಂಸ್ಕಾರ ಮುಗಿಸಿ ಮನೆಗೆ ಬಂದ ಮೇಲೆ ನೆಂಟರೂ ಅದನ್ನೇ ಹೇಳಿದರು. ಕಾಲು, ಕಾಲು, ಕಾಲು. ಅಕ್ಕನ ಮಗಳು ಗೋಡೆಗೆ ಒರಗಿ ಕೂತಿದ್ದಳು, ಊರದ ಹಿಮ್ಮಡಿಗಳನ್ನು ಮುಂದೆ ಚಾಚಿಕೊಂಡು. ಯಾರೋ ಅವಳ ತಲೆ ಸವರಿ, "ನೀನು ಮೆಟ್ಟಿಲು ಹತ್ತುವಾಗ ಹುಷಾರು ಮಗಳೇ, ಅಷ್ಟೇ ಸಾಕು. ನಿಮಗೆ ಎದೆ ಭಯ ಏನಿಲ್ಲವಲ್ಲ," ಎಂದರು. ಅವಳು ತಲೆಯಾಡಿಸಿದಳು. ಮೂವತ್ತು ವರ್ಷದ ಹೆಣ್ಣು, ತಾಯಿಯ ಮುಖ, ತಾಯಿಯ ಮೊಣಕೈ.

ಮಾಸ್ಟರು ಎದ್ದು ಒಳಕೋಣೆಗೆ ಹೋದರು. ಜೇಬಿನಲ್ಲಿ ಚೀಟಿ ಇತ್ತು. ಇನ್ನೊಂದು ಜೇಬಿನಲ್ಲಿ ಯಾವಾಗಲೂ ಇರುವ ದಾರ ಕತ್ತರಿಸುವ ಪುಟ್ಟ ಕತ್ತರಿ. ಚೀಟಿ ಬಿಡಿಸಿದರು. ಮಾತು ಸರಿಯಾಗಿತ್ತು, ಹೇಳಬೇಕಾದದ್ದೆಲ್ಲ ಅದರಲ್ಲಿತ್ತು. ಮೂಲೆಯ ತಾರೀಕು ಮಾತ್ರ ಹೆಚ್ಚಾಗಿತ್ತು. ಅದೊಂದನ್ನು ತೆಗೆದರೆ ಈ ಚೀಟಿ ನಿನ್ನೆಯದಾಗಬಹುದು, ಇವತ್ತಿನದಾಗಬಹುದು. ಹೇಳಬೇಕೆಂದಿದ್ದೆ ಕಣಮ್ಮ, ಅಷ್ಟರಲ್ಲಿ ಹೀಗಾಯಿತು, ಎನ್ನಬಹುದು. ಕಾಲುಗುರಿನಷ್ಟು ಕಾಗದ. ಮೂವತ್ತು ವರ್ಷ ಕತ್ತರಿಸಿದ ಕೈಗೆ ಅದೊಂದು ಕೆಲಸವೇ ಅಲ್ಲ. ಕತ್ತರಿಯನ್ನು ಮೂಲೆಗೆ ಹಿಡಿದರು. ಹಿಡಿದೇ ಇದ್ದರು. ಎಡ ಎದೆಯಲ್ಲಿ ಯಂತ್ರ ತನ್ನ ಪಾಡಿಗೆ ತಟ್ಟುತ್ತಿತ್ತು. ಅದಕ್ಕೆ ಇವರ ಮರ್ಯಾದೆಯ ಗೊಡವೆ ಇರಲಿಲ್ಲ.

ಬಲಕ್ಕೆ ವಾಲಿದ ಮುನ್ನೂರು ಮಕ್ಕಳಲ್ಲಿ ಒಬ್ಬನಿಗಾದರೂ ಅವರು ಹೋಗಿ, ತಪ್ಪು ನನ್ನದು, ನಿನ್ನದಲ್ಲ ಎಂದು ಹೇಳಿರಲಿಲ್ಲ. ಆ ಮಕ್ಕಳು ಏಟು ತಿಂದಿದ್ದರು.

ಕತ್ತರಿ ಜೇಬಿಗೆ ಹೋಯಿತು. ಹೊರಗೆ ಬಂದು ಎಲ್ಲರ ಎದುರಿಗೇ ಚೀಟಿಯನ್ನು ಅಕ್ಕನ ಮಗಳ ಕೈಗೆ ಕೊಟ್ಟರು. "ಕಾಲಲ್ಲ ಮಗಳೇ. ಎದೆ. ಅವಳದೂ ಎದೆ, ನಿನ್ನದೂ ಎದೆ ಇರಬಹುದು. ನಾಳೆ ನನ್ನ ಜೊತೆ ಬಾ."

ಲೈಬ್ರರಿಯಲ್ಲಿ ದಿನಕ್ಕೆ ನೂರು ಪುಸ್ತಕದ ಮೇಲೆ ತಾರೀಕು ಒತ್ತುವವಳು. ಅವಳ ಕಣ್ಣು ಮೊದಲು ಹೋದದ್ದು ಮೂಲೆಗೇ. ಬೆರಳು ಮಡಚಿ ಎಣಿಸಿದಳು.

"ಏಳು ದಿನ ಆಯ್ತು, ಮಾವ."

"ಹನ್ನೊಂದು. ಬರೆಯೋಕೇ ನಾಲ್ಕು ದಿನ ಹಿಡೀತು."

ಮಾಸ್ಟರ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಕ್ಕನ ಮಗಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚೀಟಿಯನ್ನು ಮತ್ತೆ ಅದೇ ಎಂಟು ಮಡಿಕೆ ಮಾಡಿ, "ಅಮ್ಮನಿಗೆ ಹೇಳಿದ್ದಿದ್ರೆ ನಿಮ್ಮನ್ನ ಚೆನ್ನಾಗಿ ಉಗೀತಿದ್ಲು," ಎಂದಳು. "ಉಗಿದು ಬರ್ತಿದ್ಲು ಮಾವ. ಬರ್ತಿದ್ಲು."

ಮಾರನೆಯ ದಿನ ಅವಳು ಬಂದಳು. ಕಬ್ಬಿಣದ ಕುರ್ಚಿಗಳ ಸಾಲಿನಲ್ಲಿ ಮಾಸ್ಟರಿಂದ ಒಂದು ಕುರ್ಚಿ ಬಿಟ್ಟು ಕೂತಳು. ಮಾಸ್ಟರ ಕಣ್ಣು ಹಳೆಯ ಚಟಕ್ಕೆ ಬಿದ್ದು ಅಳೆಯಲು ಹೊರಟಿತು: ಕತ್ತು ಹದಿಮೂರು, ಭುಜ ಹದಿನಾಲ್ಕು, ತೋಳು ಮಡಚಿದ್ದಕ್ಕೆ ಒಂದು ಇಂಚು ಜಾಸ್ತಿ ಬಿಡಬೇಕು. ಎಲ್ಲ ಅಕ್ಕನ ಅಳತೆಯೇ. ಅವರು ಕಣ್ಣು ನೆಲಕ್ಕೆ ಹಾಕಿದರು.

ಹೃದಯದ ಪರೀಕ್ಷೆ ಅವತ್ತೇ ಆಯಿತು. ಅವಳ ನಾಡಿ ನಲವತ್ನಾಲ್ಕು. ಆಗಾಗ ಒಂದು ಬಡಿತ ತಪ್ಪುತ್ತಿತ್ತು. ಡಾಕ್ಟರಮ್ಮ ಕಾಗದದ ಮೇಲಿನ ಗೆರೆಯನ್ನು ಉದ್ದಕ್ಕೂ ನೋಡಿ, "ಮನೆಗೆ ಕಳಿಸಲ್ಲ, ಇವತ್ತೇ ದಾಖಲಾಗಿ," ಎಂದರು. ಆಮೇಲೆ ಮಾಸ್ಟರ ಕಡೆ ತಿರುಗಿ, "ನಿಮ್ಮಕ್ಕ ಎಲ್ಲಿ?" ಎಂದು ಕೇಳಿದರು. ಹಳೆಯ ಪಟ್ಟಿ ಮೇಜಿನ ಮೇಲೇ ಇತ್ತು. ಮಾಸ್ಟರು ಬಾಯಿ ತೆರೆಯುವ ಮುಂಚೆ ಅಕ್ಕನ ಮಗಳು ಬೆರಳಿಟ್ಟು ತೋರಿಸಿದಳು: ಈ ವೃತ್ತ. ಡಾಕ್ಟರಮ್ಮ ಅದರ ಮೇಲೆ ಅಡ್ಡಗೆರೆ ಎಳೆದರು. ಅತ್ತೆಯ ವೃತ್ತಕ್ಕೆ ಎಳೆದಂಥದ್ದೇ ಗೆರೆ.

ಚಕ್ರದ ಕುರ್ಚಿ ತಂದರು. ಅವಳು ಬೇಡವೆಂದಳು, ತುದಿಗಾಲಿನಲ್ಲೇ ನಡೆದಳು. ವಾರ್ಡಿನ ಬಾಗಿಲಿಗೆ ಬಂದಾಗ ನರ್ಸು, ಜೊತೆಗೆ ಯಾರಿದ್ದಾರೆ ಎಂದು ಕೇಳಿದಳು. ಅಕ್ಕನ ಮಗಳು ಹಿಂದಿರುಗಿ ನೋಡಲಿಲ್ಲ. ಕೈಚೀಲವನ್ನು ಮಾತ್ರ ಹಿಂದಕ್ಕೆ ಚಾಚಿದಳು, ಮಡಚಿದ ಮೊಣಕೈ ಚಾಚುವಷ್ಟು. ಅದು ಅರ್ಧ ದಾರಿಯವರೆಗೆ ಬಂತು. ಉಳಿದರ್ಧ ಮಾಸ್ಟರು ಹೋಗಿ ತೆಗೆದುಕೊಂಡರು.